ಕಡಲು ನೋಡಲು ಹಗಲಲ್ಲೇ ಹೊರಡಿ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಶನಿವಾರ ಸಂಜೆ ವಾರದ ಬಟವಾಡೆ. ಭಾನುವಾರ ರಜೆ. ಈ ಎರಡರ ಮಧ್ಯೆ ಸಿಗುವ ಒಂದೇ ಒಂದು ರಾತ್ರಿಯಲ್ಲಿ ನಮ್ಮವರ ಟೂರು ಶುರುವಾಗುತ್ತದೆ. ಏಳು ಸೀಟಿನ ಬಾಡಿಗೆ ಗಾಡಿಯಲ್ಲಿ ಹನ್ನೊಂದು ಜನ, ಕಾಲಡಿಯಲ್ಲಿ ಪುಳಿಯೋಗರೆ ಡಬ್ಬಿ, ಮಡಿಲಲ್ಲಿ ಮಕ್ಕಳು. ರಾತ್ರಿ ಹತ್ತಕ್ಕೆ ಹೊರಟರೆ ಬೆಳಗಾಗುವಷ್ಟರಲ್ಲಿ ರಾಮೇಶ್ವರ, ಇಲ್ಲವೇ ತಿರುಚೆಂದೂರು. ಸೂರ್ಯೋದಯ, ಸಮುದ್ರ ಸ್ನಾನ, ದರ್ಶನ, ಫೋಟೋ, ವಾಪಸ್. ಸೋಮವಾರ ಬೆಳಿಗ್ಗೆ ಮತ್ತೆ ಕಂಪನಿಯಲ್ಲಿ ಹಾಜರ್!

ಮೈಯಲ್ಲಿ ಕಸುವಿರುವ ಹುಡುಗರು ಹೀಗೆ ಹೋದರೆ ನನ್ನ ತಕರಾರೇನಿಲ್ಲ. ಆದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವವರು ಹೀಗೆ ಹೋಗಬಾರದು ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ಮೇಷ್ಟ್ರು ಎಲ್ಲದಕ್ಕೂ ಉಪದೇಶ ಮಾಡ್ತಾರೆ ಅಂತ ನೀವು ನಗಬಹುದು, ನಗಿ, ಪರವಾಗಿಲ್ಲ.

ನಾನು ತಾಳವಾಡಿ ಕಡೆಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯವನು. ನನ್ನ ಹೆಂಡತಿಯ ತವರು ಉಡುಮಲೈಪೇಟೆ ಕಡೆ. ನಾದಿನಿಯನ್ನು ಕೊಟ್ಟಿರುವುದು ತಿರುಪ್ಪೂರಿಗೆ, ಷಡ್ಡಕ ಅಲ್ಲಿ ಕಟಿಂಗ್ ಮಾಸ್ಟರ್. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ದೇವಾಂಗರು, ಒಕ್ಕಲಿಗರು ಹೀಗೆ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಬೇಕಾದಷ್ಟಿವೆ. ಆದರೆ ಅಲ್ಲಿಯ ಮಕ್ಕಳಿಗೆ ಕನ್ನಡ ಅಡುಗೆಮನೆಯ ಮಾತು ಅಷ್ಟೆ. ಶಾಲೆ ತಮಿಳು, ಬೋರ್ಡು ತಮಿಳು. ನಾದಿನಿಯ ಮಕ್ಕಳಿಬ್ಬರೂ ನನ್ನ ಜೊತೆ ಚೆನ್ನಾಗಿ ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ. ಹೋದ ವರ್ಷ ಅವರು ರಾಮೇಶ್ವರಕ್ಕೆ ಹೋಗಿ ಬಂದಾಗ ದಾರಿಯಲ್ಲಿ ಏನೇನು ನೋಡಿದಿರಿ ಅಂತ ಕೇಳಿದೆ. ಎಂಟು ವರ್ಷದ ದೊಡ್ಡವಳು, "ದಾರಿ ಇರಲೇ ಇಲ್ಲ ದೊಡ್ಡಪ್ಪ, ಕಣ್ಣು ಬಿಟ್ಟರೆ ನೀರು ಇತ್ತು" ಅಂದಳು. ಐದು ವರ್ಷದವನಿಗೆ ವಾಂತಿ ಮಾಡಿಕೊಂಡಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಅಷ್ಟು ದುಡ್ಡು ಖರ್ಚು ಮಾಡಿ ಮಕ್ಕಳಿಗೆ ದಕ್ಕಿದ್ದು ಇಷ್ಟು.

ಮೊದಲು ಅಪಾಯದ ಮಾತು. 2020ರ ಫೆಬ್ರವರಿ 20ರ ನಸುಕು ತಿರುಪ್ಪೂರು ಜಿಲ್ಲೆಯವರು ಮರೆಯುವಂಥದ್ದಲ್ಲ. ಬೆಂಗಳೂರಿನಿಂದ ಎರ್ನಾಕುಳಂಗೆ ಹೊರಟಿದ್ದ ಕೇರಳ ಸರ್ಕಾರಿ ಬಸ್ಸಿಗೆ ಅವಿನಾಶಿ ಹತ್ತಿರ ಕಂಟೇನರ್ ಲಾರಿ ರಸ್ತೆ ವಿಭಜಕ ದಾಟಿ ಬಂದು ಗುದ್ದಿತು. 19 ಜನ ಹೋದರು. ಮೂರು ಗಂಟೆಯ ಮೇಲಿನ ಹೊತ್ತು ಅದು. ಆ ಬಸ್ಸಿನ ಡ್ರೈವರ್ ತನ್ನ ದಾರಿಯಲ್ಲಿ ತಾನು ಸರಿಯಾಗಿಯೇ ಹೋಗುತ್ತಿದ್ದ ಅನ್ನುವುದನ್ನು ಗಮನಿಸಿ. ನಮ್ಮ ಡ್ರೈವರ್ ತುಂಬಾ ಹುಷಾರು, ಬೀಡಿ ಕೂಡ ಸೇದಲ್ಲ, ಕಣ್ಣು ಮುಚ್ಚಲ್ಲ ಅನ್ನುವವರಿಗೆ ಇಷ್ಟೇ ಹೇಳುತ್ತೇನೆ: ಎದುರಿಗೆ ಬರುವ ಲಾರಿಯವನ ನಿದ್ದೆ ನಮ್ಮ ಕೈಯಲ್ಲಿಲ್ಲ. ಅಷ್ಟಕ್ಕೂ ನಮ್ಮ ಡ್ರೈವರ್ ಯಾರು? ಬಹಳ ಸಲ ಶನಿವಾರ ಪೂರ್ತಿ ಲೋಡ್ ಹೊಡೆದು ಬಂದವನೇ ರಾತ್ರಿ ಸ್ಟೇರಿಂಗ್ ಹಿಡಿಯುತ್ತಾನೆ.

ಇನ್ನು ಮಡಿಲ ಮಕ್ಕಳ ವಿಷಯ. ಮುಂದಿನ ಸೀಟಿನಲ್ಲಿ ತಾತನ ತೊಡೆ ಮೇಲೆ ಮೊಮ್ಮಗನನ್ನು ಕೂರಿಸುವುದು ನಮ್ಮಲ್ಲಿ ಮುದ್ದಿನ ಲಕ್ಷಣ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದು ಬಿಚ್ಚಿಕೊಳ್ಳುವ ರಭಸಕ್ಕೇ ಮಗುವಿಗೆ ಪೆಟ್ಟಾಗುತ್ತದೆ. ಇಲ್ಲದ ಗಾಡಿಯಾದರೆ ತಾತನ ಭಾರವೆಲ್ಲ ಮಗುವಿನ ಮೇಲೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಹಾಕದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ ಎಂದಾಯಿತು. ಏಳು ಸೀಟಿನ ಗಾಡಿಯಲ್ಲಿ ಹನ್ನೊಂದು ಜನ ಕೂತರೆ ನಾಲ್ಕು ಜನಕ್ಕೆ ಬೆಲ್ಟೇ ಇಲ್ಲ. ಆ ನಾಲ್ವರು ಯಾವಾಗಲೂ ಮಕ್ಕಳೇ ಆಗಿರುತ್ತಾರೆ, ಗಮನಿಸಿ ನೋಡಿ.

ಹಾಗಾದರೆ ಕಡಲಿಗೆ ಹೋಗಲೇಬೇಡವೇ ಅಂದರೆ, ಹೋಗಬೇಕು. ಪೂರ್ವಕ್ಕೆ ಬಿಟ್ಟು ಪಶ್ಚಿಮಕ್ಕೆ ಹೋಗಿ ಅನ್ನುತ್ತೇನೆ.

ನಮ್ಮವರು ರಾತ್ರಿ ಪ್ರಯಾಣಕ್ಕೆ ಬೀಳುವುದೇ ಸೂರ್ಯೋದಯದ ಆಸೆಗೆ. ರಾಮೇಶ್ವರ, ತಿರುಚೆಂದೂರುಗಳಲ್ಲಿ ಸೂರ್ಯ ಸಮುದ್ರದಿಂದ ಏಳುತ್ತಾನೆ, ಆದ್ದರಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕತ್ತಲಲ್ಲೇ ಮುಗಿಸಬೇಕು. ಪಶ್ಚಿಮದ ಕಡಲಲ್ಲಿ ಸೂರ್ಯ ಮುಳುಗುತ್ತಾನೆ. ಸಂಜೆ ಆರರೊಳಗೆ ತಲುಪಿದರೆ ಸಾಕು! ಬೆಳಿಗ್ಗೆ ಏಳಕ್ಕೆ ತಿಂಡಿ ತಿಂದು ಹೊರಟು, ಐದು ಕಡೆ ನಿಂತು, ಮಕ್ಕಳ ಮೂತ್ರ, ಹಸಿವು, ಹಟ ಎಲ್ಲ ಮುಗಿಸಿಕೊಂಡು ಹೋದರೂ ತಡವಾಗುವುದಿಲ್ಲ. ತಿರುಪ್ಪೂರಿನಿಂದ ಪೊನ್ನಾನಿಗೆ ಸುಮಾರು 200 ಕಿಲೋಮೀಟರ್.

ಪೊನ್ನಾನಿಯೇ ಏಕೆ? ಅಲ್ಲಿ ಒಂದು ಹೊಳೆ ಕಡಲು ಸೇರುತ್ತದೆ, ಮತ್ತು ಆ ಹೊಳೆಯ ಒಂದು ಬೇರು ನಮ್ಮ ಕೊಯಮತ್ತೂರು ಜಿಲ್ಲೆಯಲ್ಲಿದೆ. ತಿರುಪ್ಪೂರಿನ ಮಕ್ಕಳಿಗೆ ಗೊತ್ತಿರುವ ಹೊಳೆ ನೊಯ್ಯಲ್ ಒಂದೇ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಕಾವೇರಿ ಸೇರುವ ಆ ಹೊಳೆಗೆ ನಮ್ಮ ಬಣ್ಣದ ಕಾರ್ಖಾನೆಗಳು ಮಾಡಿದ್ದೇನು ಅನ್ನುವುದು ಎಲ್ಲರಿಗೂ ಗೊತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸುವವರೆಗೆ ಬಂತು. ಹೊಳೆ ಅಂದರೆ ಬಣ್ಣದ ನೀರು ಎಂದು ತಿಳಿದು ಬೆಳೆದ ಒಂದು ತಲೆಮಾರೇ ಇಲ್ಲಿದೆ. ಆ ಮಕ್ಕಳಿಗೆ ಹೊಳೆಯೊಂದು ಹುಟ್ಟಿ, ಬೆಳೆದು, ಕಡಲು ಸೇರುವುದನ್ನು ಒಂದೇ ದಿನದಲ್ಲಿ ತೋರಿಸುವ ದಾರಿ ಪಕ್ಕದಲ್ಲೇ ಇದೆ.

ಹೆದ್ದಾರಿ ಹಿಡಿದು ವಾಳಯಾರ್ ದಾಟಿದರೆ ಬೇಗ ಹೋಗಬಹುದು. ಆದರೆ ನನ್ನ ಮಾತು ಕೇಳುವುದಾದರೆ ಪಲ್ಲಡಂ ಮೇಲೆ ಪೊಳ್ಳಾಚಿಗೆ ಬನ್ನಿ. ಗಾಳಿ ಗಿರಣಿಗಳು ಸಾಲು ಸಾಲಾಗಿ ನಿಂತಿರುತ್ತವೆ. ಇಷ್ಟು ಗಾಳಿ ಎಲ್ಲಿಂದ ಬರುತ್ತದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನೀಲಗಿರಿಗೂ ಆನೆಮಲೆಗೂ ನಡುವೆ ಪಶ್ಚಿಮ ಘಟ್ಟ ಬಾಗಿಲು ತೆರೆದಂತೆ ಬಿಟ್ಟುಕೊಟ್ಟಿದೆ, ಅದೇ ಪಾಲಕ್ಕಾಡಿನ ಕಣಿವೆ. ಕಡಲ ಗಾಳಿ ಆ ಬಾಗಿಲಿನಿಂದ ನುಗ್ಗುತ್ತದೆ. ಗಾಳಿಯಷ್ಟೇ ಅಲ್ಲ, ಎರಡು ಸಾವಿರ ವರ್ಷದ ಹಿಂದೆ ನೊಯ್ಯಲ್ ದಂಡೆಯ ಕೊಡುಮಣಲ್‌ನ ಹರಳುಗಳು ಪಶ್ಚಿಮದ ರೇವಿಗೆ ಹೋಗಿದ್ದೂ, ರೋಮಿನ ನಾಣ್ಯ ಕೊಯಮತ್ತೂರಿನ ವೆಳ್ಳಲೂರಿಗೆ ಬಂದಿದ್ದೂ ಈ ಬಾಗಿಲಿನಿಂದಲೇ ಅನ್ನುತ್ತಾರೆ ಇತಿಹಾಸ ಬಲ್ಲವರು. ತಿರುಪ್ಪೂರಿನವರು ಮಾಲು ಎಕ್ಸ್‌ಪೋರ್ಟ್ ಮಾಡುವುದು ಇವತ್ತಿನದಲ್ಲ!

ಪೊಳ್ಳಾಚಿ ಹತ್ತಿರ ಆಳಿಯಾರು ಸಿಗುತ್ತದೆ. ಆನೆಮಲೆಯಲ್ಲಿ ಹುಟ್ಟಿದ ಚಿಕ್ಕ ಹೊಳೆ. ಇದು ಪೂರ್ವಕ್ಕೆ ಹೋಗುವುದಿಲ್ಲ, ಗಡಿ ದಾಟಿ ಕೇರಳಕ್ಕೆ ಹೋಗುತ್ತದೆ. ಗೋಪಾಲಪುರಂ ದಾಟಿದ ಮೇಲೆ ಬೋರ್ಡುಗಳು ಮಲಯಾಳವಾಗುತ್ತವೆ. ಹೊಳೆಯ ಹೆಸರೂ ಬದಲಾಗುತ್ತದೆ, ಚಿತ್ತೂರು ಪುಳ, ಕಣ್ಣಾಡಿ ಪುಳ. ಮಲಯಾಳದಲ್ಲಿ ಕಣ್ಣಾಡಿ ಅಂದರೆ ನಮ್ಮ ಕನ್ನಡಿ. ಹೋದ ಪೊಂಗಲ್‌ಗೆ ನಾವು ಎರಡು ಸಂಸಾರ ಈ ದಾರಿಯಲ್ಲಿ ಹೋದಾಗ ನಾನು ದೊಡ್ಡವಳಿಗೆ ಒಂದು ಲೆಕ್ಕ ಕೊಟ್ಟೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ಹುಲಿ, ಪೂ ಹೂವು, ಪಳ್ಳಿ ಹಳ್ಳಿ. ಹಾಗಾದರೆ ಪುಳ ಏನಾಗಬೇಕು? ಒಂದೆರಡು ಮೈಲಿ ಸುಮ್ಮನಿದ್ದಳು. ಆಮೇಲೆ "ಹೊಳೆ!" ಅಂತ ಕಿರುಚಿದ್ದಕ್ಕೆ ಡ್ರೈವರ್ ಬ್ರೇಕ್ ಹಾಕಿದ. ಮನೆಯೊಳಗೆ ಮಾತ್ರ ಇರುವ ಮಾತಿಗೆ ಹೊರಗೆ ಇಷ್ಟು ನೆಂಟರಿದ್ದಾರೆ ಅಂತ ಆ ಹುಡುಗಿಗೆ ಅವತ್ತು ತಿಳಿಯಿತು. ಟಿಸಿಎಚ್‌ನಲ್ಲಿ ನಮಗೆ ಕಲಿಸಿದ ಪಾಠೋಪಕರಣಗಳಲ್ಲಿ ಇಷ್ಟು ಕೆಲಸ ಮಾಡಿದ್ದು ಒಂದೂ ಇಲ್ಲ. ರಾತ್ರಿ ಹೋಗಿದ್ದರೆ ಬೋರ್ಡು ಎಲ್ಲಿ, ಹೊಳೆ ಎಲ್ಲಿ?

ಪಾಲಕ್ಕಾಡಿನಲ್ಲಿ ಕೋಟೆಯ ಹತ್ತಿರ ಗಾಡಿ ನಿಲ್ಲಿಸಿ ಮಕ್ಕಳನ್ನು ಓಡಲು ಬಿಡಿ. 1766ರಲ್ಲಿ ಹೈದರಾಲಿ ಕಟ್ಟಿಸಿದ ಕೋಟೆ, ಸುತ್ತ ಕಂದಕ. ನಮ್ಮ ಮೈಸೂರಿನವರು ಇಲ್ಲಿಯವರೆಗೂ ಬಂದಿದ್ದರಾ ಅಂತ ಷಡ್ಡಕನೇ ಕೇಳಿದ. ಬಂದಿದ್ದರು, ಕೊಯಮತ್ತೂರು ಕೂಡ 1799ರವರೆಗೆ ಮೈಸೂರಿನ ಕೈಯಲ್ಲಿತ್ತು. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆ ಜಾಗ ಆ ದಾರಿಯಲ್ಲಿ ನಾನು ಕಂಡಿಲ್ಲ.

ಅಲ್ಲಿಂದ ಮುಂದೆ ಒಟ್ಟಪ್ಪಾಲಂ, ಶೊರನೂರು, ಪಟ್ಟಾಂಬಿ. ಹೊಳೆ ಈಗ ಭಾರತಪ್ಪುಳ ಆಗಿದೆ, ಅಲ್ಲಲ್ಲಿ ರಸ್ತೆಯ ಪಕ್ಕಕ್ಕೇ ಬರುತ್ತದೆ. 209 ಕಿಲೋಮೀಟರ್ ಉದ್ದದ ದೊಡ್ಡ ಹೊಳೆ, ಆದರೆ ಜನವರಿಯಲ್ಲಿ ಮರಳ ದಿಬ್ಬ, ಹುಲ್ಲು, ನಡುವೆ ತೆಳ್ಳಗೆ ನೀರು. ಮರಳು ತೆಗೆದೂ ತೆಗೆದೂ ಅದರ ಹೊಟ್ಟೆ ಬಗೆದಿದ್ದಾರೆ. ಅದನ್ನೂ ಮಕ್ಕಳು ನೋಡಲಿ. ಪಟ್ಟಾಂಬಿಯ ಸೇತುವೆ ದಾಟಿದರೆ ಪೊನ್ನಾನಿ ದೂರವಿಲ್ಲ. ಸಮಯ ಉಳಿದರೆ, ಮಾರನೆಯ ದಿನ ಚಮ್ರವಟ್ಟಂ ಸೇತುವೆ ಮೇಲೆ ತಿರೂರಿಗೆ ಹೋಗಿ ತುಂಜನ್ ಪರಂಬು ನೋಡಿ. ಮಲಯಾಳದ ಎಳುತ್ತಚ್ಛನ್ ಅಲ್ಲಿಯವರು, ವಿಜಯದಶಮಿಗೆ ಸಾವಿರಾರು ಮಕ್ಕಳಿಗೆ ಅಲ್ಲಿ ಅಕ್ಷರಾಭ್ಯಾಸ ಆಗುತ್ತದೆ. ಅವರು ಕೊನೆಗಾಲ ಕಳೆದದ್ದು ಇದೇ ಹೊಳೆಯ ಮೇಲ್ದಂಡೆಯ ಚಿತ್ತೂರಿನಲ್ಲಿ ಎಂಬ ಪ್ರತೀತಿ ಇದೆ. ಮೇಷ್ಟ್ರಾದವನಿಗೆ ಇದು ತೀರ್ಥಯಾತ್ರೆಗಿಂತ ಕಮ್ಮಿಯಲ್ಲ, ಮಕ್ಕಳಿಗೆ ಬೇಸರವಾದರೆ ಬಲವಂತ ಬೇಡ.

ಈಗ ನೀರಿನ ಮಾತು. ನಾವು ಬಯಲು ಸೀಮೆಯವರು, ಬಾವಿ ಕೆರೆ ಬಲ್ಲೆವು, ಕಡಲು ಬಲ್ಲವರಲ್ಲ. ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ, ಯಾವತ್ತೂ ಇಳಿಯಬಾರದು. ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಬೇರೆ. ನೋಡಿ, ಕೂತು ಕಡಲೆಕಾಯಿ ತಿನ್ನಿ, ಎದ್ದು ಬನ್ನಿ. ಕಾಲು ನೆನೆಸಬೇಕೆಂದರೆ ಜೀವರಕ್ಷಕರಿರುವ ಬೀಚಿಗೆ ಹೋಗಿ, ಮಗುವಿನ ಮುಂಗೈ ಹಿಡಿದುಕೊಂಡು ನಿಲ್ಲಿ.

ಕೇರಳದ ಮೀನುಗಾರರಲ್ಲಿ ಕಳ್ಳಕ್ಕಡಲ್ ಎಂಬ ಮಾತಿದೆ. ನಮ್ಮ ಮಕ್ಕಳಿಗೆ ಅರ್ಥ ಬಿಡಿಸಿ ಹೇಳುವುದೇ ಬೇಡ, ಕಳ್ಳ ಕಡಲು! ದೂರದ ದಕ್ಷಿಣ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿ ದಡಕ್ಕೆ ನುಗ್ಗುತ್ತದೆ. ಇಲ್ಲಿ ಗಾಳಿ ಇರುವುದಿಲ್ಲ, ಮಳೆ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ. 2012ರಲ್ಲಿ ಯುನೆಸ್ಕೋ ಈ ಮಾತನ್ನೇ ವಿಜ್ಞಾನದ ಬಳಕೆಗೆ ಒಪ್ಪಿಕೊಂಡಿತು. ಹೆಚ್ಚಾಗಿ ಇದರ ಕಾಟ ಏಪ್ರಿಲ್, ಮೇ ಹೊತ್ತಿಗೆ, ಅಂದರೆ ಸರಿಯಾಗಿ ನಮ್ಮ ಶಾಲೆಗಳ ಬೇಸಿಗೆ ರಜೆಗೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಸತ್ತರು. ಅಲೆ ಏಳುತ್ತದೆಂಬ ಎಚ್ಚರಿಕೆ ಮೊದಲೇ ಹೊರಟಿತ್ತು. ಓದಿದವರಿಗೇ ಹೀಗಾದರೆ ಐದು ವರ್ಷದ ಮಗುವಿನ ಗತಿ ಏನು? ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಹೊರಡಿಸುವ ಈ ಎಚ್ಚರಿಕೆ ಪತ್ರಿಕೆಯಲ್ಲಿ, ಟಿವಿಯಲ್ಲಿ ಬರುತ್ತದೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಜೂನ್ ಒಂಬತ್ತರಿಂದ ಜುಲೈ ಕೊನೆಯವರೆಗೆ ಕೇರಳದಲ್ಲಿ ಟ್ರಾಲ್ ದೋಣಿಗಳೂ ಕಡಲಿಗೆ ಇಳಿಯುವುದಿಲ್ಲ, ಆಗ ನಮಗೇಕೆ ಆ ಕಡೆ ಕೆಲಸ?

"ಎಲ್ಲ ಸರಿ ಅಣ್ಣ, ಎರಡು ದಿನ ರಜೆ ಕೊಡೋರು ಯಾರು?" ಅಂತ ಷಡ್ಡಕ ಕೇಳಿದ್ದ. ನ್ಯಾಯವಾದ ಪ್ರಶ್ನೆ. ಹೋಗದ ದಿನದ ಕೂಲಿ ಹೋಯಿತು, ರೂಮಿನ ಬಾಡಿಗೆ ಬೇರೆ. ನಮ್ಮಂಥ ಸರ್ಕಾರಿ ನೌಕರರು ಸುಲಭವಾಗಿ ಹೇಳಿಬಿಡುವ ಮಾತಲ್ಲ ಇದು. ಅದಕ್ಕೇ ನಾನು ಹೇಳುವುದು, ವರ್ಷಕ್ಕೆ ಮೂರು ಸಲ ರಾತ್ರೋರಾತ್ರಿ ಓಡುವ ಬದಲು ಒಂದೇ ಸಲ, ಪೊಂಗಲ್ ರಜೆಯಲ್ಲಿ ಹೋಗಿ ಅಂತ. ಆಗ ಕಂಪನಿಗಳೂ ಶಾಲೆಗಳೂ ಒಟ್ಟಿಗೇ ಮುಚ್ಚಿರುತ್ತವೆ, ಪಶ್ಚಿಮದ ಕಡಲೂ ಹೆಚ್ಚು ಕಮ್ಮಿ ತಣ್ಣಗಿರುತ್ತದೆ, ಬಿಸಿಲೂ ತಡೆದುಕೊಳ್ಳುವಂತಿರುತ್ತದೆ. ಮೂರು ಸಲದ ಡೀಸೆಲ್ ದುಡ್ಡಿನಲ್ಲಿ ಒಂದು ರಾತ್ರಿಯ ರೂಮು ಬರುತ್ತದೆ, ನಾದಿನಿ ಕೂತು ಲೆಕ್ಕ ಹಾಕಿ ಒಪ್ಪಿದ್ದಾಳೆ.

ಬಾಡಿಗೆ ಗಾಡಿಯೂ ಕೈಗೆಟುಕದವರಿಗೆ ರೈಲಿದೆ. ತಿರುಪ್ಪೂರಿನಿಂದ ಹೊರಟು ಪಾಲಕ್ಕಾಡು, ಶೊರನೂರು, ಕುಟ್ಟಿಪ್ಪುರಂ. ಹಗಲಿನ ಗಾಡಿಯನ್ನೇ ನೋಡಿಕೊಳ್ಳಿ, ಪಾಲಕ್ಕಾಡು ಬಿಟ್ಟ ಮೇಲೆ ಶೊರನೂರಿನವರೆಗೆ ಮಕ್ಕಳನ್ನು ಎಡಗಡೆ ಕಿಟಕಿಗೆ ಕೂರಿಸಿ. ಹೊಳೆ ಆ ಕಡೆಯೇ ಸಿಗುತ್ತದೆ.