ಅಸ್ತಮಾ ಎಂದು ಸುಮ್ಮನಾಗುವ ಮುನ್ನ

ತಂದೆ ತಾಯಂದಿರೇ, ಶಿಕ್ಷಕರೇ,

ಹದಿಹರೆಯದ ಮಕ್ಕಳು ಕೆಮ್ಮಿದರೆ ಧೂಳು, ಅಲರ್ಜಿ ಎನ್ನುತ್ತೇವೆ. ಏದುಸಿರು ಬಿಟ್ಟರೆ ಅಸ್ತಮಾ ಎನ್ನುತ್ತೇವೆ. ಬಹಳ ಸಲ ಅದು ನಿಜವೇ. ಆದರೆ ಔಷಧಕ್ಕೆ ಬಗ್ಗದ ಉಸಿರಾಟದ ತೊಂದರೆಯ ಹಿಂದೆ ಅಪರೂಪದ ಕಾಯಿಲೆ ಇರಬಹುದು. ಅದರ ಸುಳಿವು ಮೊದಲು ಕಾಣುವುದು ಜೊತೆಗಿರುವ ನಿಮಗೆ. ದಯವಿಟ್ಟು ಇವುಗಳನ್ನು ಗಮನದಲ್ಲಿಡಿ.

ಎತ್ತರದ, ತೆಳ್ಳಗಿನ ಹುಡುಗನಿಗೆ ಸುಮ್ಮನೆ ಕೂತಿದ್ದಾಗಲೇ ಎದೆಯ ಒಂದು ಬದಿ ಚುಚ್ಚಿದಂತಾಗಿ ಉಸಿರು ಕಟ್ಟಿತೇ? ಶ್ವಾಸಕೋಶದಿಂದ ಗಾಳಿ ಸೋರಿ, ಅದು ಕುಗ್ಗಿರಬಹುದು. ಗ್ಯಾಸ್ ಎಂದು ಮಾತ್ರೆ ಕೊಟ್ಟು ಮಲಗಿಸಬೇಡಿ. ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತದೆ.

ಜೋರು ಕೆಮ್ಮು ಅಥವಾ ವಾಂತಿಯ ನಂತರ ಕತ್ತು ಊದಿ, ಮುಟ್ಟಿದರೆ ಚರ್ಮದಡಿ ಚರಚರ ಎನ್ನುತ್ತದೆಯೇ? ಎದೆಯ ನಡುಭಾಗಕ್ಕೆ ಗಾಳಿ ನುಗ್ಗಿರಬಹುದು.

ಅಂಗಾತ ಮಲಗಿದರೆ ಉಸಿರಾಡಲಾಗದೆ ಮಗು ಎದ್ದು ಕೂರುತ್ತದೆಯೇ? ಮುಖ ಊದಿ, ಕತ್ತಿನ ನರಗಳು ಉಬ್ಬಿವೆಯೇ? ಎದೆಯೊಳಗೆ ಗಡ್ಡೆ ಬೆಳೆದು ಶ್ವಾಸನಾಳವನ್ನೋ ರಕ್ತನಾಳವನ್ನೋ ಒತ್ತುತ್ತಿರಬಹುದು. ಲಿಂಫೋಮಾ ಎಂಬ ಕ್ಯಾನ್ಸರ್ ಈ ವಯಸ್ಸಿನಲ್ಲಿ ಹೀಗೆ ಕಾಣಿಸಿಕೊಳ್ಳುವುದುಂಟು. ಕತ್ತಿನಲ್ಲಿ ನೋವಿಲ್ಲದ ಗಂಟು, ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು, ತೂಕ ಇಳಿಕೆಯೂ ಇದರ ಲಕ್ಷಣಗಳೇ. ಮನೆಯಲ್ಲಿ ಉಳಿದಿರುವ ಸ್ಟೀರಾಯ್ಡ್ ಮಾತ್ರೆಯನ್ನು ನೀವೇ ಕೊಡಬೇಡಿ: ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ, ರೋಗ ಪತ್ತೆಯೇ ಕಷ್ಟವಾಗಬಹುದು. ಬೇಗ ಗುರುತಿಸಿದರೆ ಲಿಂಫೋಮಾಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಪಿನ್ನೋ ಪೆನ್ನಿನ ಮುಚ್ಚಳವೋ ಬಾಯಲ್ಲಿದ್ದಾಗ ಕೆಮ್ಮು ಶುರುವಾಯಿತೇ? ಅದು ಶ್ವಾಸನಾಳಕ್ಕೆ ಜಾರಿರಬಹುದು, ವೈದ್ಯರಿಗೆ ಹೇಳಲೇಬೇಕು. ಪ್ಲಾಸ್ಟಿಕ್ ಎಕ್ಸ್‌-ರೇಯಲ್ಲಿ ಸಾಮಾನ್ಯವಾಗಿ ಕಾಣದು.

ಇನ್ನು ಕ್ಷಯ ನಮ್ಮಲ್ಲಿ ಅಪರೂಪವಲ್ಲ. ಕೆಮ್ಮು 2 ವಾರ ದಾಟಿದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಿ.

ವೈದ್ಯರ ಬಳಿ ಹೋದಾಗ ತೊಂದರೆ ಯಾವಾಗ ಶುರುವಾಯಿತು, ಮಲಗಿದರೆ ಹೆಚ್ಚುತ್ತದೆಯೇ, ಯಾವ ಔಷಧ ಕೊಟ್ಟಿರಿ ಎಂಬುದನ್ನು ಬರೆದು ಒಯ್ಯಿರಿ. “ಎದೆಯ ಎಕ್ಸ್‌-ರೇ ಬೇಕಾಗುತ್ತದೆಯೇ ಡಾಕ್ಟ್ರೇ?” ಎಂದು ಕೇಳಲು ಸಂಕೋಚ ಬೇಡ. ಸಿಗರೇಟು, ವೇಪ್ ವಿಷಯ ಮಕ್ಕಳು ಬಾಯಿ ಬಿಡುವಂತೆ, ಬೈಯದೆ ವಿಚಾರಿಸಿ. ಶಿಕ್ಷಕರೇ, ಆಟದಲ್ಲಿ ಮುಂದಿದ್ದ ಮಗು ಈಗ ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಅಂದೇ ಮನೆಯವರಿಗೆ ತಿಳಿಸಿ.

ಹಠಾತ್ ಎದೆನೋವಿನೊಂದಿಗೆ ಏದುಸಿರು, ನೀಲಿಗಟ್ಟಿದ ತುಟಿ, ಕೆಮ್ಮಿದಾಗ ರಕ್ತ, ಮಲಗಲಾಗದಷ್ಟು ಉಸಿರಾಟದ ಕಷ್ಟ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಸಂತೋಷ. ಕಂಡರೆ, ಚಿಕಿತ್ಸೆಗೆ ಸಮಯ ಸಿಕ್ಕಿರುತ್ತದೆ.