ಎಷ್ಟು ತಂಡ, ಎಷ್ಟು ಪಂದ್ಯ?

ಶಾಲೆಯ ಕ್ರೀಡಾಕೂಟದಲ್ಲಿ ಮಗಳು ಥ್ರೋಬಾಲ್ ಆಡಿದರೆ, ಕೊಕ್ಕೊ ಆಡಿದರೆ ನಮ್ಮ ಮಲೆನಾಡಿನ ಅಪ್ಪ-ಅಮ್ಮಂದಿರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಫುಟ್‌ಬಾಲ್ ಆಡುತ್ತೇನೆ ಎಂದಾಗ ಮಾತ್ರ ಪ್ರಶ್ನೆ ಏಳುತ್ತದೆ: ‘ಚೆಂಡು ಒದ್ದುಕೊಂಡು ಮುಂದೇನು ಮಾಡ್ತೀಯಮ್ಮ?’ ಸಕಲೇಶಪುರದ ತೋಟದ ಮನೆಯಾಗಲಿ, ಆಲೂರು ಪೇಟೆಯ ಬೀದಿಯಾಗಲಿ, ಪ್ರಶ್ನೆ ಒಂದೇ. ಅದು ಕೇಳಬೇಕಾದ ಪ್ರಶ್ನೆಯೂ ಹೌದು. ಮಕ್ಕಳ ಭವಿಷ್ಯದ ಲೆಕ್ಕ ಹಾಕುವುದು ಹೆತ್ತವರ ಕೆಲಸ.

2017ಕ್ಕೆ ಮೊದಲು ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಿತ್ತು. ಆ ವರ್ಷದ ಆರಂಭದಲ್ಲಿ ದೆಹಲಿಯಲ್ಲಿ ಭಾರತೀಯ ಮಹಿಳಾ ಫುಟ್‌ಬಾಲ್ ಲೀಗ್‌ನ ಮೊದಲ ಅಂತಿಮ ಸುತ್ತು ನಡೆಯಿತು. ಆಡಿದ್ದು ಆರು ತಂಡ. ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್. ಮೂರು ವಾರದೊಳಗೆ ಎಲ್ಲವೂ ಮುಗಿದು ಆಟಗಾರ್ತಿಯರು ಗಂಟುಮೂಟೆ ಕಟ್ಟಿ ಊರಿಗೆ ಹೊರಟರು. ಲೀಗ್ ಎಂಬ ಹೆಸರಿದ್ದರೂ ಅದು ಒಂದು ಟೂರ್ನಿಯಂತೆಯೇ ಇತ್ತು.

ಅನಂತರ ತಂಡಗಳು ಹೆಚ್ಚಿದವು. 2020ರಲ್ಲಿ ಬೆಂಗಳೂರಿನಲ್ಲಿ ನಡೆದಾಗ 12 ತಂಡಗಳಿದ್ದವು. 2023ರಲ್ಲಿ ಅಹಮದಾಬಾದಿನಲ್ಲಿ 16 ತಂಡ. ಆ ಸಲ ಫೈನಲ್ ತಲುಪಿದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. ಗೋಕುಲಂ ಕೇರಳದ ಎದುರು 5-0 ಗೋಲುಗಳಿಂದ ಸೋತಿತು. ಸೋತರೂ ದೇಶಕ್ಕೆ ಎರಡನೇ ಸ್ಥಾನ ಸಣ್ಣ ಮಾತಲ್ಲ. ಮರು ಋತುವಿನಲ್ಲಿ, ಅಂದರೆ 2023-24ರಲ್ಲಿ, ತಂಡಗಳ ಸಂಖ್ಯೆ 16ರಿಂದ 7ಕ್ಕೆ ಇಳಿಯಿತು. ಸುದ್ದಿ ಓದಿದವರು ‘ಮಹಿಳಾ ಫುಟ್‌ಬಾಲ್ ಕುಗ್ಗುತ್ತಿದೆ’ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ವಿದ್ಯಾರ್ಥಿಗಳೇ, ಇಲ್ಲೊಂದು ಲೆಕ್ಕ ಮಾಡಿ ನೋಡಿ. 16 ತಂಡಗಳನ್ನು ಎಂಟೆಂಟರ ಎರಡು ಗುಂಪು ಮಾಡಿದರೆ ಗುಂಪಿನಲ್ಲಿ ಒಂದು ತಂಡಕ್ಕೆ ಸಿಗುವುದು 7 ಪಂದ್ಯ. ಅಲ್ಲೇ ಸೋತು ಹೊರಬಿದ್ದವರಿಗೆ ವರ್ಷದ ಆಟ ಅಲ್ಲಿಗೆ ಮುಗಿಯಿತು. 7 ತಂಡಗಳಿದ್ದು, ಪ್ರತಿಯೊಬ್ಬರೂ ಉಳಿದ ಆರು ತಂಡಗಳೊಂದಿಗೆ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಆಡಿದರೆ? ತಂಡಕ್ಕೆ 12 ಪಂದ್ಯ, ಒಟ್ಟು 42. ಈ ಲೀಗ್ ತವರು-ಪರ ಊರಿನ ಪದ್ಧತಿಗೆ ಬಂದದ್ದು ಆ ಋತುವಿನಲ್ಲೇ ಮೊದಲು. ಕೆಲವೇ ವಾರಗಳಲ್ಲಿ ಮುಗಿಯುತ್ತಿದ್ದ ಆಟ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯಿತು. ಮುಂದಿನ ಋತುವಿಗೆ ಎರಡನೇ ದರ್ಜೆಯ ಲೀಗಿನಿಂದ ಎರಡು ತಂಡ ಮೇಲೆ ಬಂದವು, ಕೊನೆಯ ಸ್ಥಾನದ ತಂಡ ಕೆಳಗಿಳಿಯಿತು. 8 ತಂಡ, ತಲಾ 14 ಪಂದ್ಯ, ಒಟ್ಟು 56.

ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕರೆಗೆ ಗಿಡ ಒತ್ತೊತ್ತಾಗಿ ನೆಟ್ಟ ಮಾತ್ರಕ್ಕೆ ಫಸಲು ಹೆಚ್ಚುವುದಿಲ್ಲ. ಗಾಳಿ, ಬೆಳಕು, ಗೊಬ್ಬರ ಸಿಕ್ಕ ಗಿಡವೇ ಕಾಯಿ ಕಟ್ಟುವುದು. ಆಟಗಾರ್ತಿಗೆ ಪಂದ್ಯವೇ ಗೊಬ್ಬರ. ಸಂಬಳವೂ ಇದಕ್ಕೆ ಹೊಂದಿಕೊಂಡ ಮಾತು. ಮೂರು ವಾರದ ಆಟಕ್ಕೆ ವರ್ಷದ ಸಂಬಳ ಯಾರು ಕೊಟ್ಟಾರು? 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಒಂದು ನಿಯಮ ಪ್ರಕಟಿಸಿತು: ಮೇಲಿನ ದರ್ಜೆಯ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು. ತಿಂಗಳಿಗೆ 26 ಸಾವಿರ ಚಿಲ್ಲರೆ. ಶ್ರೀಮಂತಿಕೆಯಲ್ಲ, ಆದರೆ ‘ಮುಂದೇನು’ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಕೊಡಬಹುದಾದ ಒಂದು ಉತ್ತರ.

ಹೊರದೇಶಗಳ ಕಥೆಯೂ ಇದೇ. ಅಮೆರಿಕದಲ್ಲಿ 2001ರಲ್ಲಿ 8 ತಂಡಗಳೊಂದಿಗೆ ಅದ್ಧೂರಿಯಾಗಿ ಶುರುವಾದ ಮಹಿಳಾ ವೃತ್ತಿಪರ ಲೀಗ್ 2003ರಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು. 2009ರಲ್ಲಿ ಹುಟ್ಟಿದ ಎರಡನೆಯದು ಮೂರು ಋತು ಆಡಿ 2012ರಲ್ಲಿ ಮುಚ್ಚಿತು. 2013ರಲ್ಲಿ ಮತ್ತೆ 8 ತಂಡಗಳೊಂದಿಗೆ ಮೂರನೆಯದು ಬಂತು. ಅದು ಖರ್ಚು ಬಿಗಿಹಿಡಿದು, ನಿಧಾನವಾಗಿ ಬೆಳೆದು 2026ರ ಹೊತ್ತಿಗೆ 16 ತಂಡ ತಲುಪಿದೆ. ಇಂಗ್ಲೆಂಡಿನ ಲೀಗ್ 2011ರಲ್ಲಿ 8 ತಂಡಗಳಿಂದ ಹೊರಟು 12ಕ್ಕೆ ಬರಲು ಎಂಟು ವರ್ಷ ತೆಗೆದುಕೊಂಡಿತು. 2026-27ರಿಂದ 14 ಮಾಡುವುದೆಂದು 2025ರಲ್ಲಿ ತೀರ್ಮಾನಿಸಿತು.

ಇನ್ನು ನಮ್ಮ ಊರಿಗೆ ಬರೋಣ. ಕರ್ನಾಟಕಕ್ಕೂ ಒಂದು ರಾಜ್ಯ ಮಹಿಳಾ ಲೀಗ್ ಇದೆ. ಆದರೆ ತಂಡಗಳು ಹೆಚ್ಚಾಗಿ ಬೆಂಗಳೂರಿನವೇ. ಸಕಲೇಶಪುರದಿಂದ ಬೆಂಗಳೂರು ಸುಮಾರು 220 ಕಿಲೋಮೀಟರ್. ಹದಿಮೂರು ವರ್ಷದ ಹುಡುಗಿಗೆ ಆ ದೂರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಅವಳಿಗೆ ಬೇಕಾದದ್ದು ಹತ್ತಿರದಲ್ಲೇ ಒಂದು ಮೊದಲ ಮೆಟ್ಟಿಲು. ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಿವೆ; 17 ವರ್ಷದೊಳಗಿನ ಹುಡುಗಿಯರಿಗೆ ಸುಬ್ರತೊ ಕಪ್ ಇದೆ. ಇವು ಹೆಚ್ಚಾಗಿ ಸೋತರೆ ಮನೆಗೆ ಎನ್ನುವ ಪಂದ್ಯಗಳು. ಒಂದು ತಂಡ ಮೊದಲ ದಿನವೇ ಸೋತರೆ ಆ ಹುಡುಗಿಯರಿಗೆ ಮುಂದಿನ ಪಂದ್ಯ ಮುಂದಿನ ವರ್ಷ! ಅದೂ ಕ್ರೀಡಾಕೂಟದ ಕಾಲವೆಂದರೆ ನಮ್ಮಲ್ಲಿ ಜಡಿಮಳೆಯ ಕಾಲ. ಮೈದಾನ ಗದ್ದೆಯಾಗಿರುತ್ತದೆ.

ಹಾಗಿದ್ದರೆ ದೊಡ್ಡವರು ಮಾಡಿದ್ದನ್ನೇ ಚಿಕ್ಕದಾಗಿ ಮಾಡಿದರೆ ಹೇಗೆ? ಸಕಲೇಶಪುರದ ಎರಡು ಶಾಲೆ, ಆಲೂರಿನದೊಂದು, ಹಾಸನದ್ದೊಂದು. ನಾಲ್ಕೇ ತಂಡ. ಹನ್ನೊಂದು ಹುಡುಗಿಯರು ಸಿಗದಿದ್ದರೆ ಏಳೇಳು ಮಂದಿ ಆಡಲಿ. ತಮ್ಮೂರಲ್ಲೊಮ್ಮೆ, ಅವರೂರಲ್ಲೊಮ್ಮೆ ಆಡಿದರೆ ಪ್ರತಿ ತಂಡಕ್ಕೆ 6 ಪಂದ್ಯ, ಒಟ್ಟು 12. ಮಳೆ ಹಿಂದೆಗೆಯುವ ಅಕ್ಟೋಬರ್‌ನಲ್ಲಿ ಶುರುಮಾಡಿ, ಕಾಫಿ ಕುಯ್ಲು ಬಿರುಸಾಗಿ ಮನೆಮಂದಿಗೆಲ್ಲ ಪುರಸೊತ್ತು ತಪ್ಪುವ ಮೊದಲೇ, ಆರು ಶನಿವಾರಗಳಲ್ಲಿ ಮುಗಿಸಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಅಡ್ಡಿಯಿಲ್ಲ. ಬಸ್ ಖರ್ಚೆಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕತ್ತಲಾಗುವ ಮುನ್ನ ಮನೆ ಸೇರುವ ಬಸ್ಸು ಹಿಡಿಯಬೇಕು, ಜೊತೆಗೆ ಒಬ್ಬ ಟೀಚರೋ ತಾಯಿಯೋ ಹೋಗಬೇಕು. ಇದಿಷ್ಟು ವ್ಯವಸ್ಥೆ ದೊಡ್ಡವರದು.

ಓದು ಬಿಟ್ಟು ಆಡಿ ಎಂದು ಯಾರೂ ಹೇಳುತ್ತಿಲ್ಲ. ಲೀಗಿನಲ್ಲಿ ಸಂಬಳ ಪಡೆಯುವವರು ಇಡೀ ದೇಶದಲ್ಲಿ ಕೆಲವೇ ಮಂದಿ, ಪದವಿ ಕೈಯಲ್ಲಿರಲೇಬೇಕು. ಆದರೆ ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್ ಇದೇ ಲೀಗಿನಲ್ಲಿ ಆಡಿ, 2022ರಲ್ಲಿ ಸೈಪ್ರಸ್ ದೇಶದ ಕ್ಲಬ್ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳಾದಳು. ಭಾರತದ ವನಿತೆಯರು 2025ರ ಜುಲೈಯಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು.

ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಒಂದು ಮಾತು ಕೇಳಿ ನೋಡಿ: ‘ನಮ್ಮ ಶಾಲೆಯ ಹುಡುಗಿಯರು ಈ ವರ್ಷ ಎಷ್ಟು ಪಂದ್ಯ ಆಡಿದರು?’ ಉತ್ತರ ಒಂದು ಅಥವಾ ಸೊನ್ನೆ ಎಂದಾದರೆ, ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಂದೇ ಒಂದು ಕಾಗದ ಬರೆಸಿ.