ನೀರಿನ ನ್ಯಾಯ



ಪರನಾಡಿನಲ್ಲಿ ನೆಲೆಸಹೋದಾಗ ನಾವು ಮೊದಲು ಅರಸುವುದು ಮನೆ, ಅಂಗಡಿ, ಮಕ್ಕಳ ಶಾಲೆ. ಅಲ್ಲಿಯ ಜನರ ಅಂತರಂಗವನ್ನು ಅರಿಯುವುದು ಆಮೇಲಿನ ಮಾತು. ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿರುವ ಸ್ಪೇನ್ ದೇಶದ ಪುರಾತನ ನಗರ ವೆಲೆನ್ಸಿಯಾಕ್ಕೆ ನೆಲೆಸಹೋದವರು ಅದನ್ನು ಅರಿಯಬೇಕಾದರೆ, ಗುರುವಾರ ಮಧ್ಯಾಹ್ನ 12 ಗಂಟೆಗೆ ಪ್ರಧಾನ ಚರ್ಚಿನ ಬಾಗಿಲ ಬಳಿ ನಿಲ್ಲಬೇಕು.

ಅಲ್ಲಿ ಪ್ರತಿವಾರವೂ ‘ಜಲ ನ್ಯಾಯಮಂಡಳಿ’ ಸೇರುತ್ತದೆ. ತೂರಿಯಾ ನದಿಯ ಕಾಲುವೆಗಳ ರೈತರು ತಮ್ಮೊಳಗಿಂದಲೇ ಆರಿಸಿದ 8 ಮಂದಿ ಕೃಷಿಕರು ಕರಿಯ ನಿಲುವಂಗಿ ತೊಟ್ಟು ನ್ಯಾಯಪೀಠದಲ್ಲಿ ಕುಳಿತುಕೊಳ್ಳುತ್ತಾರೆ. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ತೀರ್ಪು ಅಲ್ಲಿಯೇ. ತನ್ನ ಕಾಲುವೆಯ ವ್ಯಾಜ್ಯ ಬಂದಾಗ ಆ ಕಾಲುವೆಯ ಪ್ರತಿನಿಧಿ ತೀರ್ಪಿನಿಂದ ದೂರ ಉಳಿಯುತ್ತಾನೆ. ವ್ಯಾಜ್ಯವಿಲ್ಲದ ವಾರವೂ ಒಂದೊಂದೇ ಕಾಲುವೆಯ ಹೆಸರನ್ನು ಕೂಗಲಾಗುತ್ತದೆ. ಶತಮಾನಗಳ ಈ ಸಂಪ್ರದಾಯವನ್ನು ಯುನೆಸ್ಕೋ 2009ರಲ್ಲಿ ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ದುಡಿಯುವ ಕೈಗೆ ನ್ಯಾಯ ನುಡಿಯುವ ಅರ್ಹತೆಯೂ ಉಂಟೆಂಬ ಮಾತು ಕಾಯಕವನ್ನು ನಂಬಿದ ನಮಗೆ ಹೊಸದಲ್ಲ. ಆದರೆ ನಮ್ಮೂರ ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುತ್ತಿದೆಯೇ? ಮೇಲಿನ ಹೊಲದವರು ನಾವಾಗಿದ್ದರೆ ತೂಬನ್ನು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದೇವೆಯೇ? ನೀರು ಶಿವನ ಪ್ರಸಾದ. ಪ್ರಸಾದವನ್ನು ಹಂಚಿಕೊಂಡೇ ಸ್ವೀಕರಿಸಬೇಕು. ಪರನಾಡಿಗೆ ಹೋದ ನಮ್ಮ ಮಕ್ಕಳು ಗಳಿಕೆಯೊಡನೆ ಇಂಥ ನಡೆಯನ್ನೂ ಊರಿಗೆ ತರಲಿ.